ಬೆಳಗಾಗೆದ್ದರೆ ಸೊಂಟ ಹಿಡಿತ

ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ಕಡೆಯ ಹಳ್ಳಿಗಳಲ್ಲಿ ಹೆಂಗಸರ ದಿನ ಬಾಗುವುದರಿಂದಲೇ ಶುರುವಾಗುತ್ತದೆ. ಎದ್ದು ಮುಖಕ್ಕೆ ನೀರು ಹಾಕಿಕೊಂಡವರೇ ಕಡ್ಡಿಪೊರಕೆ ಹಿಡಿದು ಅಂಗಳ ಗುಡಿಸಬೇಕು, ಸಗಣಿ ನೀರು ಚಿಮುಕಿಸಿ ರಂಗೋಲಿ ಬಿಡಬೇಕು. ಕೊಟ್ಟಿಗೆ ಬಾಚಿ ಮಂಕರಿ ತುಂಬ ಸಗಣಿ ಹೊತ್ತು ತಿಪ್ಪೆಗೆ ಹಾಕಬೇಕು. ಹಸು ಕರೆದು ಡೈರಿಗೆ ಹಾಲು ಕಳಿಸಬೇಕು. ನಲ್ಲಿಯಲ್ಲಿ ನೀರು ಬಂದಿದ್ದರೆ ಬಿಂದಿಗೆಗಳನ್ನು ತುಂಬಿ ಒಳಗಿಡಬೇಕು. ಇಷ್ಟೂ ಕೆಲಸ ಎದ್ದ ಒಂದೆರಡು ಗಂಟೆಯೊಳಗೆ ಆಗಿಬಿಡಬೇಕು. ಬೆನ್ನುಮೂಳೆಯ ಮಟ್ಟಿಗೆ ಹೇಳುವುದಾದರೆ ಇಡೀ ದಿನದಲ್ಲಿ ಬಾಗುವುದಕ್ಕೆ ಅತ್ಯಂತ ಕೆಟ್ಟ ಹೊತ್ತು ಇದೇ.

‘ಎದ್ದೇಟ್ಗ ಸ್ವಂಟ ಇಡ್ಕಬುಟ್ಟಿರ್ತದ ಕನ, ಕೆಲ್ಸಕ್ ಇಳುದ್ರ ಸಡ್ಲಾಯ್ತದ’ ಎಂದು ಚಾಮರಾಜನಗರದ ಕಡೆಯವರು ಹೇಳುವುದನ್ನು ಎಷ್ಟೋ ಸಲ ಕೇಳಿರುತ್ತೇವೆ. ಹೇಳಿದವರು ಅದನ್ನು ಅಲ್ಲಿಗೇ ಬಿಟ್ಟು ಮುಂದಿನ ಕೆಲಸಕ್ಕೆ ಹೋಗುತ್ತಾರೆ, ಕೇಳಿದವರು ವಯಸ್ಸಾಯಿತು ಅಂದುಕೊಳ್ಳುತ್ತಾರೆ. ಆದರೆ ಈ ಮಾತಿನಲ್ಲಿ ವೈದ್ಯರಿಗೆ ಬೇಕಾದ ಎರಡು ಮುಖ್ಯ ಸಂಗತಿಗಳಿವೆ. ಹಿಡಿತ ಇರುವುದು ಎದ್ದಾಗ, ಸಡಿಲವಾಗುವುದು ಓಡಾಡಿದಾಗ. ಇನ್ನು ಕೇಳಬೇಕಾದ ಪ್ರಶ್ನೆ ಒಂದೇ: ಸಡಿಲವಾಗಲು ಎಷ್ಟು ಹೊತ್ತು ಹಿಡಿಯುತ್ತದೆ? ಹತ್ತು ನಿಮಿಷವೋ, ಅರ್ಧ ಗಂಟೆಯೋ, ತಿಂಡಿಯ ಹೊತ್ತು ದಾಟಿದರೂ ಬಿಡುವುದಿಲ್ಲವೋ? ಈ ಪ್ರಶ್ನೆಗೆ ಸಿಗುವ ಉತ್ತರ ಎಷ್ಟೋ ಸಲ ಸಾವಿರಾರು ರೂಪಾಯಿಯ ಸ್ಕ್ಯಾನಿಂಗಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮೊದಲು ಎಲ್ಲರಿಗೂ ಆಗುವ ಸಂಗತಿ ನೋಡೋಣ. ನಮ್ಮ ಬೆನ್ನುಮೂಳೆಯ ಮಣಿಗಳ ನಡುವೆ 23 ಡಿಸ್ಕುಗಳಿವೆ. ಡಿಸ್ಕಿನ ಒಳತಿರುಳಿನಲ್ಲಿ ಹೆಚ್ಚಿನ ಪಾಲು ನೀರು. ಹಗಲೆಲ್ಲ ನಿಂತು, ಕೂತು, ಹೊರೆ ಹೊತ್ತಾಗ ಮೈಭಾರಕ್ಕೆ ಆ ನೀರು ಸ್ವಲ್ಪ ಸ್ವಲ್ಪವೇ ಹೊರಕ್ಕೆ ಹಿಂಡಿಹೋಗುತ್ತದೆ. ರಾತ್ರಿ ಮಲಗಿದಾಗ ಭಾರ ಇಳಿಯುತ್ತದೆ, ಡಿಸ್ಕು ಸುತ್ತಲಿನ ನೀರನ್ನು ಮತ್ತೆ ಹೀರಿಕೊಂಡು ನೆನೆಹಾಕಿದ ಕಡಲೆಕಾಳಿನ ಹಾಗೆ ಉಬ್ಬುತ್ತದೆ. ಈ ಕಾರಣದಿಂದ ನಾವೆಲ್ಲರೂ ಬೆಳಿಗ್ಗೆ ಎದ್ದಾಗ ರಾತ್ರಿ ಮಲಗಿದ್ದಕ್ಕಿಂತ ಒಂದೂವರೆ ಸೆಂಟಿಮೀಟರಿನಷ್ಟು ಎತ್ತರವಾಗಿರುತ್ತೇವೆ. ಹೀಗೆ ಗಳಿಸಿದ ಎತ್ತರದಲ್ಲಿ ಸುಮಾರು ಅರ್ಧದಷ್ಟು ಎದ್ದ ಮೊದಲ ಒಂದು ಗಂಟೆಯಲ್ಲೇ ಇಳಿದುಹೋಗುತ್ತದೆ. ಬಾಹ್ಯಾಕಾಶದಲ್ಲಿ ತಿಂಗಳುಗಟ್ಟಲೆ ಇರುವವರ ಎತ್ತರ ಶೇ 3ರವರೆಗೂ ಹೆಚ್ಚುವುದಕ್ಕೆ, ಅವರಲ್ಲಿ ಹಲವರಿಗೆ ಬೆನ್ನು ನೋವು ಬರುವುದಕ್ಕೆ ಮುಖ್ಯ ಕಾರಣಗಳಲ್ಲೊಂದು ಬೆನ್ನಿನ ಮೇಲಿನ ಭಾರ ಇಲ್ಲವಾಗುವುದು.

ಉಬ್ಬಿದ ಡಿಸ್ಕು ಬಿಗಿಯಾಗಿರುತ್ತದೆ, ಅದರ ಸುತ್ತಲಿನ ತಂತುಗಳೂ ಎಳೆದುಕೊಂಡಿರುತ್ತವೆ. 1987ರಲ್ಲಿ ಬ್ರಿಟನ್ನಿನ ಆಡಮ್ಸ್, ಡೋಲನ್ ಮತ್ತು ಹಟನ್ ಎಂಬ ಸಂಶೋಧಕರು ಇದನ್ನು ಅಳೆದು ನೋಡಿದರು. ದಿನದ ಉಳಿದ ಹೊತ್ತಿಗೆ ಹೋಲಿಸಿದರೆ ಬೆಳಗಿನ ಜಾವ ಮುಂದಕ್ಕೆ ಬಾಗುವಾಗ ಸೊಂಟದ ಡಿಸ್ಕಿನ ಮೇಲಿನ ಒತ್ತಡ ಸುಮಾರು ಶೇ 300ರಷ್ಟು, ತಂತುಗಳ ಮೇಲಿನದು ಸುಮಾರು ಶೇ 80ರಷ್ಟು ಹೆಚ್ಚು ಎಂಬುದು ಅವರ ಲೆಕ್ಕ. ಹನ್ನೊಂದು ವರ್ಷದ ನಂತರ, 1998ರಲ್ಲಿ, ಅಮೆರಿಕದ ಸ್ಟೋವರ್ ಸ್ನೂಕ್ ಮತ್ತು ಜೊತೆಗಾರರು ಇನ್ನೂ ಸರಳವಾದ ಪ್ರಯೋಗ ಮಾಡಿದರು. ಬಹಳ ಕಾಲದಿಂದ ಬೆನ್ನು ನೋವಿರುವವರಿಗೆ ಬೆಳಗಿನ ಹೊತ್ತು ಬಾಗುವುದನ್ನು ತಪ್ಪಿಸಿ ಎಂದಷ್ಟೇ ಹೇಳಿಕೊಟ್ಟರು. ಹಾಗೆ ನಡೆದುಕೊಂಡವರಲ್ಲಿ ನೋವಿನ ದಿನಗಳೂ ನೋವಿನ ತೀವ್ರತೆಯೂ ಕಡಿಮೆಯಾದವು. ಗುಳಿಗೆ ಇಲ್ಲ, ಇಂಜೆಕ್ಷನ್ ಇಲ್ಲ, ಬೆಲ್ಟ್ ಇಲ್ಲ. ಈ ಸಂಶೋಧನೆ ನಮ್ಮ ಹಳ್ಳಿಗಳಿಗೆ ಬಂದು ಮುಟ್ಟಲೇ ಇಲ್ಲವಲ್ಲ ಎಂಬುದೇ ನನ್ನ ಸಂಕಟ. ಏಕೆಂದರೆ ನಮ್ಮ ಮನೆಗೆಲಸದ ಕ್ರಮ ಇದಕ್ಕೆ ನೇರ ವಿರುದ್ಧವಾಗಿದೆ. ಬಾಗಬಾರದ ಹೊತ್ತಿಗೇ ಬಾಗುವ ಕೆಲಸವೆಲ್ಲ ಬಂದು ಬೀಳುತ್ತದೆ.

ಹಸು ಗಡಿಯಾರ ನೋಡುವುದಿಲ್ಲ, ಡೈರಿಯವರು ಕಾಯುವುದಿಲ್ಲ, ನಿಜ. ಆದರೂ ಆ ಒಂದು ಗಂಟೆಯೊಳಗೆ ಕೆಲಸಗಳನ್ನು ಅತ್ತಿತ್ತ ಸರಿಸಲು ಜಾಗವಿದೆ. ನೇರ ನಿಂತು ಮಾಡುವ ಕೆಲಸ ಮೊದಲು ಬರಲಿ: ಒಲೆ ಹಚ್ಚುವುದು, ಕಾಫಿ ಕಾಯಿಸುವುದು, ಮಕ್ಕಳನ್ನು ಎಬ್ಬಿಸುವುದು, ಬೀದಿಯ ತುದಿಯವರೆಗೆ ಹೋಗಿಬರುವುದು. ಕೊಟ್ಟಿಗೆ ಬಾಚುವುದು ಹಾಲು ಡೈರಿಗೆ ಹೋದ ಮೇಲೆ ಆಗಲಿ. ಕಡ್ಡಿಪೊರಕೆಗೆ ಸೊಂಟದೆತ್ತರದ ಬಿದಿರು ಕೋಲು ಕಟ್ಟಿಕೊಂಡರೆ ಗುಡಿಸಲು ಬಾಗಬೇಕಾಗಿಲ್ಲ. ಪಟ್ಟಣದ ಬೀದಿಗಳನ್ನು ಗುಡಿಸುವ ಪೌರಕಾರ್ಮಿಕರ ಪೊರಕೆಗೆ ಉದ್ದ ಕೋಲಿರುವುದನ್ನು ದಿನಾ ನೋಡುತ್ತೇವೆ. ಹಾಲು ಕರೆಯಲು ಕುಕ್ಕರುಗಾಲಿನ ಬದಲು ಗಿಡ್ಡ ಮಣೆಯೊಂದಿದ್ದರೆ ಸೊಂಟ ಅಷ್ಟು ಬಾಗುವುದಿಲ್ಲ. ಹದಿನೈದು ಲೀಟರಿನ ಬಿಂದಿಗೆ ಎಂದರೆ ಹದಿನೈದು ಕಿಲೋ, ಬಿಂದಿಗೆಯ ತೂಕ ಬೇರೆ. ಬೆಳಗಿನ ಹೊತ್ತು ಅರ್ಧ ತುಂಬಿ ಎರಡು ಸಲ ತಂದರೆ ಆಗುವ ನಷ್ಟ ಏನಿದೆ? ಮನೆಯಲ್ಲಿ ಗಟ್ಟಿ ಮೈಯ ಗಂಡಸರೋ ಬೆಳೆದ ಮಕ್ಕಳೋ ಇದ್ದರೆ ಆ ಬಿಂದಿಗೆಗೆ ಅವರೂ ಕೈ ಹಾಕಲಿ. ಔಷಧಿ ಅಂಗಡಿಗೆ ಓಡುವ ಮೊದಲು ಮಾಡಬೇಕಾದದ್ದು ಇದು.

ಹಾಸಿಗೆಯಿಂದ ಏಳುವುದಕ್ಕೂ ಒಂದು ಕ್ರಮವಿದೆ. ಮಲಗಿದಲ್ಲಿಂದ ಸೀದಾ ಸೊಂಟ ಮಡಿಸಿ ಎದ್ದು ಕೂರುವುದು ಹಿಡಿದ ಬೆನ್ನಿಗೆ ಒಳ್ಳೆಯದಲ್ಲ. ಕಣ್ಣು ಬಿಟ್ಟ ಮೇಲೆ ಎರಡೂ ಮಂಡಿ ಮಡಿಸಿ, ಪಾದ ಊರಿ, ಮಂಡಿಗಳನ್ನು ನಿಧಾನವಾಗಿ ಎಡಕ್ಕೂ ಬಲಕ್ಕೂ ಹೊರಳಿಸಬೇಕು. ನೋವು ಬರುವಷ್ಟು ದೂರ ಹೋಗಬೇಕಾಗಿಲ್ಲ. ಆಮೇಲೆ ಒಂದು ಮಗ್ಗುಲಿಗೆ ತಿರುಗಿ, ಕೈ ಊರಿ, ಕಾಲು ಇಳಿಬಿಟ್ಟು ಮೇಲೇಳಬೇಕು. ನಮ್ಮ ಹಿರಿಯರು ಬಲಮಗ್ಗುಲಿಗೆ ಹೊರಳಿ ಏಳು ಎನ್ನುತ್ತಿದ್ದರು. ಬಲವೋ ಎಡವೋ, ಬೆನ್ನಿಗೆ ಎರಡೂ ಒಂದೇ, ಮಗ್ಗುಲಾಗಿ ಏಳುವುದು ಮುಖ್ಯ. ಎದ್ದಕೂಡಲೇ ಸೂರ್ಯನಮಸ್ಕಾರ ಮಾಡುವ ಅಭ್ಯಾಸವಿದ್ದು ಬೆನ್ನು ಹಿಡಿಯುತ್ತಿದ್ದರೆ, ಅಂಗೈ ನೆಲ ಮುಟ್ಟಿಸುವ ಆ ಬಾಗುವಿಕೆಯನ್ನು ಒಂದು ಗಂಟೆ ಮುಂದಕ್ಕೆ ಹಾಕುವುದು ಜಾಣತನ.

ಮನೆಗೆಲಸ ಮುಗಿಸಿದವರು ಕೂಲಿಗೆ ಹೊರಡುತ್ತಾರೆ. ಈ ಜಿಲ್ಲೆಯ ಹಲವು ಬೆಳೆಗಳು ನೆಲಕ್ಕೆ ಹತ್ತಿರದವು: ಅರಿಶಿನ, ಸಣ್ಣ ಈರುಳ್ಳಿ, ರಾಗಿ, ತರಕಾರಿ. ಕಳೆ ಕೀಳುವುದು, ಕುಡ್ಲು ಹಿಡಿದು ಕೊಯ್ಯುವುದು, ಅಗೆದ ಅರಿಶಿನದ ಗಡ್ಡೆ ಆಯುವುದು, ಯಾವುದನ್ನೂ ನೇರ ನಿಂತು ಮಾಡಲಾಗುವುದಿಲ್ಲ. ಮಳೆಗಾಲದಲ್ಲಿ ಗುಂಡ್ಲುಪೇಟೆಯ ಚೆಂಡುಹೂವಿನ ಹೊಲಗಳ ಮುಂದೆ ಕಾರು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುವವರ ಕಣ್ಣಿಗೆ ಹೂವಿನ ನಡುವೆ ಬಾಗಿರುವ ಬೆನ್ನುಗಳು ಬೀಳುವುದು ಕಡಿಮೆ. ತಾಸುಗಟ್ಟಲೆ ಬಾಗಿಯೇ ಇದ್ದ ಸ್ನಾಯು ರಾತ್ರಿ ಮಲಗಿದ ಮೇಲೆ ಬಿಗಿದುಕೊಳ್ಳುತ್ತದೆ, ಬೆಳಿಗ್ಗೆ ಅದು ಹಿಡಿತವಾಗಿ ಕಾಣಿಸಿಕೊಳ್ಳುತ್ತದೆ. ಸಾಲಿನ ತುದಿ ಮುಟ್ಟಿದಾಗಲೆಲ್ಲ ನೆಟ್ಟಗೆ ನಿಂತು, ಕೈಯನ್ನು ಸೊಂಟದ ಹಿಂದಿಟ್ಟು, ನಾಲ್ಕಾರು ಸಲ ಹಿಂದಕ್ಕೆ ಬಾಗುವುದು ಈ ಕೆಲಸದವರಿಗೆ ನಿಜವಾಗಿ ಬೇಕಾದ ವ್ಯಾಯಾಮ. ಅದಕ್ಕೆ ಅವಕಾಶ ಕೊಡದೆ ಗದರುವ ಹೊಲದೊಡೆಯರೂ ಇದನ್ನು ಓದಲಿ ಎಂದು ನನ್ನಾಸೆ.

ಇನ್ನು ಲಾರಿಯವರ ಪಾಡು. ಬಂಡೀಪುರದ ಕಾಡಿನ ಹಾದಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಕಾಡಿನ ಪ್ರಾಣಿಗಳಿಗೆ ಅದು ಬೇಕೇ ಬೇಕು. ಗೇಟು ಮುಚ್ಚುವ ಹೊತ್ತಿಗೆ ದಾಟಲಾಗದ ಲಾರಿಗಳ ಚಾಲಕರು ಕ್ಯಾಬಿನ್ನಿನಲ್ಲೇ ಮುದುಡಿ ಮಲಗುತ್ತಾರೆ. ಗೇಟು ತೆಗೆಯುತ್ತಲೇ ಎದ್ದು ಸೀಟಿಗೆ ಕೂತರೆ ಮುಂದೆ ಕೇರಳದ ಕಡೆಗೋ ಊಟಿಯ ಕಡೆಗೋ ಘಾಟಿಯ ತಿರುವುಗಳು. ಇಂಜಿನ್ನಿನ ಅದುರು ಬೆನ್ನಿಗೆ ಬಡಿಯುತ್ತಲೇ ಇರುತ್ತದೆ. ಕೂತು ಸದಾ ಅದುರುವ ಕೆಲಸ ಸೊಂಟ ನೋವಿಗೆ ಕಾರಣವೆಂದು ಬಹಳ ಹಿಂದೆಯೇ ಗೊತ್ತಾಗಿದೆ. ಎದ್ದ ಮೇಲೆ ಲಾರಿಯ ಸುತ್ತ ಹತ್ತು ನಿಮಿಷ ನಡೆದು ಆಮೇಲೆ ಸ್ಟೇರಿಂಗ್ ಹಿಡಿಯುವುದು, ಸೊಂಟದ ಹಿಂದೆ ಮಡಿಸಿದ ಟವೆಲ್ ಇಟ್ಟುಕೊಳ್ಳುವುದು, ಊರು ಮುಟ್ಟಿದಕೂಡಲೇ ತರಕಾರಿ ಮೂಟೆ ಇಳಿಸಲು ನಿಲ್ಲದಿರುವುದು, ಇವು ಅವರ ಕೈಯಲ್ಲಿರುವ ಉಪಾಯಗಳು.

ಹಾಸಿಗೆಯ ವಿಷಯದಲ್ಲಿ ನಮ್ಮಲ್ಲಿ ಬೇರೂರಿದ ನಂಬಿಕೆಯೊಂದಿದೆ. ಬೆನ್ನು ನೋವೇ? ಹಲಗೆಯ ಮೇಲೆ ಮಲಗು, ಬರಿ ಚಾಪೆಯ ಮೇಲೆ ಮಲಗು. 2003ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಸ್ಪೇನ್ ದೇಶದ ಅಧ್ಯಯನ ಈ ಸಲಹೆಯನ್ನು ಅಲುಗಾಡಿಸಿತು. ಬಹುಕಾಲದ ಸೊಂಟ ನೋವಿದ್ದ 313 ಜನರಲ್ಲಿ ಕೆಲವರಿಗೆ ಗಟ್ಟಿ ಹಾಸಿಗೆ, ಕೆಲವರಿಗೆ ಮಧ್ಯಮ ಗಟ್ಟಿಯ ಹಾಸಿಗೆ ಕೊಟ್ಟು ಮೂರು ತಿಂಗಳು ಗಮನಿಸಿದಾಗ ಮಧ್ಯಮದ್ದರಲ್ಲಿ ಮಲಗಿದವರೇ ಹೆಚ್ಚು ಸುಧಾರಿಸಿದ್ದರು. ನಡುವೆ ಗುಂಡಿ ಬಿದ್ದ ಹಳೆಯ ಹತ್ತಿ ಹಾಸಿಗೆ, ಜೋಲು ಬಿದ್ದ ನವಾರು ಮಂಚ ಎರಡೂ ಬೇಡ. ನೆಲವೇ ಆದರೆ ಚಾಪೆಯ ಮೇಲೆ ಎರಡು ಮಡಿಕೆ ಕಂಬಳಿ ಇರಲಿ. ಮಗ್ಗುಲಾಗಿ ಮಲಗುವವರು ಮಂಡಿಗಳ ನಡುವೆ ದಿಂಬು ಇಟ್ಟುಕೊಂಡರೆ ಸೊಂಟ ತಿರುಚಿಕೊಳ್ಳುವುದಿಲ್ಲ. ಹಾಗೆಂದು ಹಗಲೂ ಮಲಗಿಯೇ ಇರುವುದು ತಪ್ಪು. 1995ರಲ್ಲಿ ಹೆಲ್ಸಿಂಕಿ ನಗರದ ನೌಕರರ ಮೇಲೆ ನಡೆದ ಪ್ರಯೋಗದಲ್ಲಿ ಸೊಂಟ ಹಿಡಿದಾಗ ಎರಡು ದಿನ ಮಲಗಿದವರಿಗಿಂತ, ನೋವು ತಾಳುವಷ್ಟು ಮಟ್ಟಿಗೆ ದಿನದ ಕೆಲಸ ಮಾಡಿಕೊಂಡೇ ಇದ್ದವರು ಬೇಗ ಗುಣವಾದರು.

ಇಲ್ಲಿಯವರೆಗೆ ಹೇಳಿದ್ದು ಹತ್ತಿಪ್ಪತ್ತು ನಿಮಿಷದಲ್ಲಿ ಬಿಡುವ ಹಿಡಿತದ ಮಾತು. ವಯಸ್ಸಾದವರ ಕೀಲು ಸವೆತದ ಹಿಡಿತವೂ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ಅದಕ್ಕೂ ಮೀರಿ ಬಿಡದ ಹಿಡಿತ ಬೇರೆಯದೇ ಜಾತಿಯದು. ಈ ಲೇಖನದಲ್ಲಿ ಒಂದೇ ಒಂದು ಭಾಗ ಓದುವುದಾದರೆ ಇದನ್ನೇ ಓದಿ ಎಂದು ಹೇಳುತ್ತೇನೆ.

ಇಪ್ಪತ್ತು ಇಪ್ಪತ್ತೈದರ ಹುಡುಗ. ಬಿದ್ದಿಲ್ಲ, ಭಾರ ಎತ್ತಿಲ್ಲ. ತಿಂಗಳುಗಳಿಂದ ಸೊಂಟದ ಕೆಳಗೆ, ಪಿರ್ರೆಯ ಒಳಗೆ ನೋವು, ಒಮ್ಮೆ ಆ ಕಡೆ ಒಮ್ಮೆ ಈ ಕಡೆ. ಅರ್ಧ ರಾತ್ರಿ ಕಳೆದ ಮೇಲೆ ನೋವಿಗೇ ಎಚ್ಚರವಾಗುತ್ತದೆ, ಎದ್ದು ಓಡಾಡಿದರೆ ಹಾಯೆನಿಸುತ್ತದೆ. ಬೆಳಿಗ್ಗೆ ಒಂದು ಗಂಟೆಯಾದರೂ ಬೆನ್ನು ಬಗ್ಗುವುದಿಲ್ಲ. ಕೆಲಸ ಮಾಡಿದರೆ ಕಡಿಮೆ, ವಿಶ್ರಾಂತಿ ತೆಗೆದುಕೊಂಡರೆ ಜಾಸ್ತಿ. ಮನೆಯವರು ಮೊಬೈಲು ನೋಡಿ ನೋಡಿ ಹೀಗಾಗಿದೆ, ಸೋಮಾರಿತನ ಎನ್ನುತ್ತಾರೆ. ಇದು ಸೋಮಾರಿತನ ಆಗಿರಲಿಕ್ಕಿಲ್ಲ, ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಉರಿಯೂತದ ಬೇನೆ ಆಗಿರಬಹುದು. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕೀಲುಗಳ ಮೇಲೆ ಬೀಳುವ ಬೇನೆ ಇದು. ಮೊದಲು ಕೆಡುವುದು ಬೆನ್ನುಮೂಳೆಯ ಬುಡ ಸೊಂಟದ ಮೂಳೆಗೆ ಸೇರುವ ಕೀಲು. ಚಿಕಿತ್ಸೆಯಿಲ್ಲದೆ ವರ್ಷಗಳು ಕಳೆದರೆ ಕೆಲವರಲ್ಲಿ ಮಣಿಗಳೇ ಒಂದಕ್ಕೊಂದು ಬೆಸೆದುಕೊಂಡು ಎಕ್ಸ್‌ರೇಯಲ್ಲಿ ಗಿಣ್ಣುಗಿಣ್ಣಾದ ಬಿದಿರಿನಂತೆ ಕಾಣುತ್ತವೆ. ವೈದ್ಯರು ಅದನ್ನು ಬಿದಿರು ಬೆನ್ನು ಎಂದೇ ಕರೆಯುತ್ತಾರೆ.

ನಲವತ್ತರೊಳಗೆ ಶುರುವಾದದ್ದು, ಮೆಲ್ಲಗೆ ಬಂದದ್ದು, ವ್ಯಾಯಾಮದಿಂದ ತಗ್ಗುವುದು, ವಿಶ್ರಾಂತಿಯಿಂದ ತಗ್ಗದಿರುವುದು, ರಾತ್ರಿ ಎಬ್ಬಿಸುವುದು: ಈ ಐದರಲ್ಲಿ ನಾಲ್ಕಿದ್ದರೆ ಉರಿಯೂತದ ಬೆನ್ನು ನೋವೆಂದು ಅನುಮಾನಿಸಿ ಎನ್ನುತ್ತಾರೆ ಕೀಲುವಾತ ತಜ್ಞರು. ಜೊತೆಗೆ ಕಣ್ಣು ಕೆಂಪಾಗಿ ನೋಯುವುದು, ಹಿಮ್ಮಡಿ ನೋವು, ಸೋರಿಯಾಸಿಸ್, ಮನೆಯಲ್ಲಿ ಇನ್ನೊಬ್ಬರಿಗೆ ಇದೇ ತೊಂದರೆ ಇದ್ದರೆ ಅನುಮಾನ ಬಲವಾಗುತ್ತದೆ. ಎಚ್‌ಎಲ್‌ಎ-ಬಿ27 ಎಂಬ ಅನುವಂಶೀಯ ಗುರುತಿಗೂ ಈ ಬೇನೆಗೂ ನಂಟಿದೆಯೆಂದು 1973ರಲ್ಲೇ ಗೊತ್ತಾಯಿತು. ಆದರೆ ಆ ಗುರುತು ಇರುವ ಹೆಚ್ಚಿನವರಿಗೆ ಬೇನೆ ಬರುವುದೇ ಇಲ್ಲ, ಆದ್ದರಿಂದ ರಕ್ತಪರೀಕ್ಷೆಯೊಂದನ್ನೇ ನಂಬುವ ಹಾಗಿಲ್ಲ. ಮೊದಲ ವರ್ಷಗಳಲ್ಲಿ ಎಕ್ಸ್‌ರೇಯಲ್ಲೂ ಏನೂ ಕಾಣದಿರಬಹುದು. ಇದು ಹೆಂಗಸರಿಗೆ ಬರುವುದಿಲ್ಲ ಎಂಬುದು ಹಳೆಯ ತಪ್ಪು ತಿಳಿವಳಿಕೆ. ಅವರಿಗೂ ಬರುತ್ತದೆ, ಪತ್ತೆಯಾಗುವುದು ಇನ್ನೂ ತಡ. ದಿನವೂ ತಪ್ಪದ ವ್ಯಾಯಾಮ, ವೈದ್ಯರು ಕೊಡುವ ಉರಿಯೂತದ ಮಾತ್ರೆ, ಅದಕ್ಕೂ ಬಗ್ಗದಿದ್ದರೆ ಜೈವಿಕ ಔಷಧಿಗಳು ಇವೆ. ಬೀಡಿ ಸಿಗರೇಟು ಬಿಡಲೇಬೇಕು, ಅದು ಈ ಬೇನೆಯನ್ನು ಬೆಳೆಸುತ್ತದೆ. ಹಾಳಾಗಿ ಬೆಸೆದುಹೋದ ಬೆನ್ನನ್ನು ಔಷಧಿ ಬಿಡಿಸಿಕೊಡಲಾರದು. ಆದ್ದರಿಂದ ಬೇಗ ಪತ್ತೆಯಾಗಬೇಕು.

ಬೆನ್ನು ಬಿಗಿಯಾಗಲು ನೀರೂ ಕಾರಣವಾಗಬಹುದು. ಫ್ಲೋರೈಡ್ ಹೆಚ್ಚಿರುವ ಕೊಳವೆಬಾವಿ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಮೂಳೆಗಳ ಸುತ್ತಲಿನ ತಂತುಗಳೇ ಸುಣ್ಣಗಟ್ಟಿ ಬೆನ್ನು, ಕತ್ತು ತಿರುಗದಂತಾಗುತ್ತವೆ. ನಮ್ಮ ದೇಶದಲ್ಲಿ ಇದನ್ನು ಮೊದಲು ಗುರುತಿಸಿದ್ದು 1937ರಲ್ಲಿ, ನೆಲ್ಲೂರು ಸೀಮೆಯಲ್ಲಿ. ಕರ್ನಾಟಕದಲ್ಲಿ ಪಾವಗಡದ ಕಡೆಯವರಿಗೆ ಇದರ ಕಷ್ಟ ಚೆನ್ನಾಗಿ ಗೊತ್ತು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ಒಂದು ಬೀದಿಯ ಹಲವರಿಗೆ ಬೆನ್ನು ಬಿಗಿ, ಮಕ್ಕಳ ಹಲ್ಲುಗಳಲ್ಲಿ ಕಂದು ಗೆರೆ ಕಂಡರೆ ನೀರಿನ ಪರೀಕ್ಷೆ ಮಾಡಿಸಿ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ.

ಸಂಜೆ ಹೊತ್ತು ಸಣ್ಣ ಜ್ವರ, ತೂಕ ಇಳಿಕೆ, ರಾತ್ರಿ ಬೆವರು, ಬೆನ್ನಿನ ಒಂದೇ ಜಾಗದಲ್ಲಿ ನೋವು ಇದ್ದರೆ ಬೆನ್ನುಮೂಳೆಯ ಕ್ಷಯ ಇರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ, ಸುಮಾರು ಒಂದು ವರ್ಷವೋ ಅದಕ್ಕಿಂತ ಹೆಚ್ಚೋ ಬಿಡದೆ ನುಂಗಬೇಕು. ಮುಟ್ಟು ನಿಂತ ಹೆಂಗಸರಿಗೆ ಸಣ್ಣಗೆ ಜಾರಿದಾಗ ಅಥವಾ ಏನೋ ಎತ್ತಿದಾಗ ಇದ್ದಕ್ಕಿದ್ದಂತೆ ಬೆನ್ನು ಚಳುಕಿದರೆ ಟೊಳ್ಳಾದ ಮೂಳೆ ಕುಸಿದಿರಬಹುದು. ಮೂತ್ರ ಕಟ್ಟುವುದು ಅಥವಾ ತಡೆಯಲಾಗದೆ ಹೋಗುವುದು, ತೊಡೆಯ ನಡುವೆ ಜೋಮು, ಕಾಲಿನಲ್ಲಿ ಬಲ ಇಲ್ಲದಿರುವುದು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ, ಅದೇ ರಾತ್ರಿ ಆಸ್ಪತ್ರೆಗೆ ಹೋಗಿ.

ಈಗ ಇಂಜೆಕ್ಷನ್ನಿನ ವಿಷಯಕ್ಕೆ ಬರುತ್ತೇನೆ, ಇದು ನನ್ನನ್ನು ಬಹಳ ಕಾಡುವ ಸಂಗತಿ. ಸೊಂಟ ಹಿಡಿದರೆ ಒಂದು ಸೂಜಿ ಚುಚ್ಚಿಸಿಕೊಂಡು ಕೂಲಿಗೆ ಹೋಗುವವರು ನಮ್ಮ ಸಂತೆ ಊರುಗಳಲ್ಲಿ ತುಂಬ ಜನ. ಆ ದಿನದ ಕೂಲಿ ತಪ್ಪಿದರೆ ಅನ್ನ ತಪ್ಪುತ್ತದೆ, ಅವರನ್ನು ದೂರಲಾರೆ. ಆದರೆ ಅದರಲ್ಲಿ ಏನಿದೆಯೆಂದು ಕೇಳುವ ಹಕ್ಕು ಅವರಿಗಿದೆ. ಪದೇ ಪದೇ ಸ್ಟಿರಾಯ್ಡ್ ಸೇರಿದರೆ ಮೂಳೆ ಟೊಳ್ಳಾಗುತ್ತದೆ, ಸಕ್ಕರೆ ಏರುತ್ತದೆ. ಡೈಕ್ಲೋಫೆನಾಕ್‌ನಂಥ ನೋವು ನಿವಾರಕವನ್ನು ವೈದ್ಯರ ಕಣ್ಗಾವಲಿಲ್ಲದೆ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡ ಕೆಡುತ್ತದೆ. ಬಂಡೀಪುರದ ಸುತ್ತಿನ ಕಾಡು ರಣಹದ್ದುಗಳು ಇನ್ನೂ ಉಳಿದಿರುವ ಕೆಲವೇ ನೆಲೆಗಳಲ್ಲೊಂದು. ದೇಶದ ಉಳಿದೆಡೆ ಅವು ಅಳಿದದ್ದು ಇದೇ ಡೈಕ್ಲೋಫೆನಾಕ್‌ನಿಂದ. ದನಗಳಿಗೆ ಕೊಟ್ಟಿದ್ದ ಔಷಧಿ ಸತ್ತ ದನದ ಮಾಂಸದ ಮೂಲಕ ಹದ್ದುಗಳಿಗೆ ಸೇರಿ ಅವುಗಳ ಮೂತ್ರಪಿಂಡ ನಾಶವಾಯಿತು. 2006ರಲ್ಲಿ ದನಗಳಿಗೆ ಬಳಸುವುದನ್ನು ಭಾರತ ನಿಷೇಧಿಸಿತು. ಮನುಷ್ಯನ ಮೈ ಹದ್ದಿನಷ್ಟು ಸೂಕ್ಷ್ಮವಲ್ಲ, ಆದರೂ ಮೂತ್ರಪಿಂಡದ ಮೇಲೆ ಈ ಔಷಧಿಯ ಹೊರೆ ಇದ್ದೇ ಇದೆ. ಬಿಪಿ, ಸಕ್ಕರೆ ಕಾಯಿಲೆ ಇರುವವರಿಗೆ ಇನ್ನೂ ಹೆಚ್ಚು.

ಬಿಸಿನೀರಿನ ಚೀಲದ ಕಾವು, ಎಣ್ಣೆ ಹಚ್ಚಿ ಹಗುರವಾಗಿ ತಿಕ್ಕುವುದು, ಬಿಸಿನೀರಿನ ಸ್ನಾನ ಇವೆಲ್ಲ ಸ್ನಾಯುವಿನ ಹಿಡಿತಕ್ಕೆ ಹಿತ. ಬೆನ್ನು ತುಳಿಸಿಕೊಳ್ಳುವುದು, ಲಟಕ್ಕನೆ ಮುರಿಸಿಕೊಳ್ಳುವುದು ಬೇಡ, ಒಳಗೆ ಟೊಳ್ಳು ಮೂಳೆಯೋ ಕ್ಷಯವೋ ಇದ್ದರೆ ಅಪಾಯ. ಅರಿಶಿನ ಬೆಳೆಯುವ ಜಿಲ್ಲೆ ಇದು, ಅರಿಶಿನದ ಹಾಲಿನ ಮಾತು ಬರದೇ ಇರದು. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಎರಡರಿಂದ ಐದು ಪಾಲು, ಅದೂ ಮೈಗೆ ಹಿಡಿಯುವುದು ಅತ್ಯಲ್ಪ. ಕುಡಿಯುವುದರಿಂದ ಕೆಡುಕಿಲ್ಲ, ಉರಿಯೂತದ ಬೇನೆಗೆ ಅದೇ ಮದ್ದೆಂದು ಕಾದು ಕೂರಬಾರದು.

ಯೋಗದ ಬಗ್ಗೆ ನಮ್ಮ ರಾಜ್ಯದಲ್ಲೇ ಒಳ್ಳೆಯ ಪ್ರಯೋಗವೊಂದು ಆಗಿದೆ. ಬೆಂಗಳೂರಿನ ಹತ್ತಿರ ಪ್ರಶಾಂತಿ ಕುಟೀರದಲ್ಲಿ ಬಹುಕಾಲದ ಸೊಂಟ ನೋವಿನ 80 ಜನರನ್ನು ಒಂದು ವಾರ ಇರಿಸಿಕೊಂಡು, ಅರ್ಧ ಜನರಿಗೆ ಯೋಗ, ಉಳಿದವರಿಗೆ ದೈಹಿಕ ವ್ಯಾಯಾಮ ಮಾಡಿಸಿದರು. 2008ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಯೋಗದ ಗುಂಪಿನವರ ತೊಂದರೆ ಹೆಚ್ಚು ತಗ್ಗಿತ್ತು, ಬೆನ್ನು ಹೆಚ್ಚು ಬಳುಕುತ್ತಿತ್ತು. ಒಂದು ವಾರದ್ದು, ಸಣ್ಣ ಪ್ರಯೋಗ. ಆದರೂ ದುಡ್ಡಿಲ್ಲದೆ ಮನೆಯಲ್ಲೇ ಮಾಡಬಹುದಾದದ್ದೊಂದು ಫಲ ಕೊಡುತ್ತದೆಂದು ತಿಳಿದರೆ ಬಡವರಿಗೆ ಅದೇ ದೊಡ್ಡ ಧೈರ್ಯ.

ಚಾಮರಾಜನಗರದ ವೈದ್ಯಕೀಯ ಕಾಲೇಜು ಶುರುವಾದದ್ದು 2016ರಲ್ಲಿ. ಅದರ 450 ಹಾಸಿಗೆಗಳ ಬೋಧನಾ ಆಸ್ಪತ್ರೆಯನ್ನು ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರು 2021ರ ಅಕ್ಟೋಬರಿನಲ್ಲಿ ಉದ್ಘಾಟಿಸಿದರು. ಹಿಂದೆ ಬೆನ್ನು ತೋರಿಸಲು ಮೈಸೂರಿನ ಬಸ್ಸು ಹತ್ತುತ್ತಿದ್ದವರಿಗೆ ಈಗ ಹತ್ತಿರದಲ್ಲೇ ದಾರಿಯಾಗಿದೆ. ಅಲ್ಲಿಗೋ ಗುಂಡ್ಲುಪೇಟೆಯ ತಾಲ್ಲೂಕು ಆಸ್ಪತ್ರೆಗೋ ಹೋದಾಗ ಮೊದಲೇ ಎಂಆರ್‌ಐ ಬರೆದುಕೊಡಿ ಎಂದು ಕೇಳುವ ಅಗತ್ಯವಿಲ್ಲ. ನೋವೇ ಇಲ್ಲದವರ ಸ್ಕ್ಯಾನುಗಳನ್ನು ಒಟ್ಟುಗೂಡಿಸಿ ನೋಡಿದ 2015ರ ಪರಿಶೀಲನೆಯೊಂದರಲ್ಲಿ ಇಪ್ಪತ್ತು ವರ್ಷದವರಲ್ಲೇ ಶೇ 37, ಎಂಬತ್ತರವರಲ್ಲಿ ಶೇ 96 ಮಂದಿಗೆ ಡಿಸ್ಕು ಸವೆದದ್ದು ಕಂಡಿತ್ತು. ಹೋಗುವ ಮೊದಲು ಒಂದು ವಾರ ಮನೆಯ ಕ್ಯಾಲೆಂಡರಿನ ಮೇಲೆ ದಿನವೂ ಮೂರು ವಿಷಯ ಗುರುತು ಹಾಕಿಕೊಳ್ಳಿ: ಎದ್ದದ್ದು ಎಷ್ಟು ಗಂಟೆಗೆ, ಬೆನ್ನು ಸಡಿಲವಾದದ್ದು ಎಷ್ಟು ಗಂಟೆಗೆ, ರಾತ್ರಿ ನೋವಿಗೆ ಎಚ್ಚರವಾಯಿತೇ ಇಲ್ಲವೇ. ಓದುಬರಹ ಬಾರದ ಅಜ್ಜಿಗೆ ಮೊಮ್ಮಕ್ಕಳು ಬರೆದುಕೊಡಲಿ. ಆ ಹಾಳೆಯನ್ನು ಹರಿದುಕೊಂಡು ಹೋಗಿ ವೈದ್ಯರ ಮೇಜಿನ ಮೇಲಿಡಿ.